ಶೋಗೆ ಮುಂಚೆ ಒಂದು ಮೈಲಿ: ಬ್ಯಾಂಡ್ ಜೊತೆಗಿನ ನಡಿಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಶೋ ಇದ್ದರೆ ಮಧ್ಯಾಹ್ನವೇ ಅಭಿಮಾನಿಗಳನ್ನು ಸೇರಿಸಿಕೊಂಡು, ಯಾವುದಾದರೂ ಒಳ್ಳೆ ಕೆಲಸಕ್ಕೆ ದುಡ್ಡು ಕೂಡಿಸಲು ನಡೆಯುವ ಬ್ಯಾಂಡ್‌ಗಳಿವೆ. ನಾನು ಇಂಥ ಕೆಲವು ನಡಿಗೆಗಳಲ್ಲಿ ನಡೆದಿದ್ದೇನೆ, ಒಂದೆರಡನ್ನು ನಡೆಸಲು ಕೈಜೋಡಿಸಿಯೂ ಇದ್ದೇನೆ. ಆಗಿನಿಂದ ಗೆಳೆಯರು, ಗೆಳೆಯರ ಗೆಳೆಯರು, ಪತ್ರ ಬರೆಯುವವರು ಎಲ್ಲರೂ ಸುತ್ತಿ ಬಳಸಿ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಸಲ ಬರುವವರ ಪ್ರಶ್ನೆಗಳು ಮೊದಲು, ನಡಿಗೆ ನಡೆಸುವವರ ತಲೆನೋವು ಕೊನೆಗೆ.

## ಮೊದಲ ಸಲ ಬರುವವರಿಗೆ

ಶೋಗೆ ಮುಂಚೆ ನಡಿಗೆ ಅಂತೀರಲ್ಲ, ಅಲ್ಲಿ ನಿಜಕ್ಕೂ ಏನು ನಡೆಯುತ್ತೆ?

ಹೆಸರಿನಷ್ಟೇ ಸರಳ. ಶೋ ನಡೆಯುವ ಜಾಗದ ಹತ್ತಿರ ಎಲ್ಲರೂ ಸೇರುತ್ತಾರೆ. ಹೇಳಿದ ಹೊತ್ತಿಗೆ, ಅಥವಾ ಇಪ್ಪತ್ತು ನಿಮಿಷ ತಡವಾಗಿ, ಬ್ಯಾಂಡ್‌ನವರು ಬರುತ್ತಾರೆ. ಒಬ್ಬರು ಮೆಗಾಫೋನ್ ಹಿಡಿದು ಯಾಕೆ ನಡೆಯುತ್ತಿದ್ದೇವೆ, ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಾಲ್ಕು ಮಾತು ಹೇಳುತ್ತಾರೆ. ಹಿಂದೆ ನಿಂತವರಿಗೆ ಅದು ಅರ್ಧಂಬರ್ಧ ಕೇಳಿಸುತ್ತದೆ. ಆಮೇಲೆ ಎಲ್ಲರೂ ನಡೆಯುತ್ತಾರೆ.

ದೂರ ಸಾಮಾನ್ಯವಾಗಿ ಒಂದು ಮೈಲಿ, ಅಂದರೆ 1.6 ಕಿಲೋಮೀಟರ್. ಒಬ್ಬರೇ ನಡೆದರೆ ಇಪ್ಪತ್ತು ನಿಮಿಷದ ದಾರಿ. ಗುಂಪಿನಲ್ಲಿ ನಿಂತು, ಮಾತಾಡಿ, ಸಿಗ್ನಲ್ ದಾಟಿ ಹೋಗುವಾಗ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸುತ್ತು ಹೊಡೆದು ಹೊರಟ ಜಾಗಕ್ಕೇ ಬರುತ್ತೀರಿ. ಬ್ಯಾಂಡ್ ಸೌಂಡ್‌ಚೆಕ್‌ಗೆ ಹೋಗುತ್ತದೆ, ನೀವು ಕ್ಯೂಗೆ.

ಇದನ್ನ ಶುರು ಮಾಡಿದ್ದು ಯಾರು?

ಶೋಗೆ ಮುಂಚೆ ಅಭಿಮಾನಿಗಳ ಜೊತೆ ಒಂದು ಮೈಲಿ ಅಂದ ತಕ್ಷಣ ನೆನಪಾಗುವುದು ಹ್ಯಾನ್ಸನ್. ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ಊರಿನ ಮೂವರು ಅಣ್ಣತಮ್ಮಂದಿರ ಬ್ಯಾಂಡ್ ಅದು: ಐಸಾಕ್, ಟೇಲರ್, ಝ್ಯಾಕ್. 1997ರಲ್ಲಿ ಹುಡುಗರಾಗಿದ್ದಾಗಲೇ ಒಂದು ಹಾಡಿನಿಂದ ಜಗತ್ತಿಗೆಲ್ಲ ಗೊತ್ತಾದವರು. ಹತ್ತು ವರ್ಷದ ಮೇಲೆ, 2007ರಲ್ಲಿ, 'ದ ವಾಕ್' ಅನ್ನೋ ಆಲ್ಬಂ ತಂದರು. ದಕ್ಷಿಣ ಆಫ್ರಿಕಾದ ಸೊವೆಟೊದ ಮಕ್ಕಳ ದನಿಯೂ ಆ ಆಲ್ಬಂನಲ್ಲಿದೆ. ಆ ಪ್ರವಾಸದ ಶೋಗಳಿಗೆ ಮುಂಚೆ ಅವರು ಅಭಿಮಾನಿಗಳ ಜೊತೆ ಒಂದೊಂದು ಮೈಲಿ ನಡೆದರು, ಅದೂ ಬರಿಗಾಲಲ್ಲಿ. ಆಫ್ರಿಕಾದ ಬಡತನ ಮತ್ತು ಏಡ್ಸ್ ಕಡೆ ಜನರ ಗಮನ ಸೆಳೆಯುವುದು ಉದ್ದೇಶ.

ದಾನಕ್ಕಾಗಿ ನಡೆಯುವುದು ಅದಕ್ಕಿಂತ ಹಳೆಯದು. ಕೆನಡಾದ ಟೆರಿ ಫಾಕ್ಸ್ ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡ ಹುಡುಗ. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿ 5,373 ಕಿಲೋಮೀಟರ್ ದಾಟಿದ. ಅವನ ಹೆಸರಿನ ಓಟ 1981ರಿಂದ ನಡೆದುಕೊಂಡು ಬಂದಿದೆ. ಲಾಸ್ ಏಂಜಲೀಸ್‌ನಲ್ಲಿ ಏಡ್ಸ್‌ಗಾಗಿ ದೊಡ್ಡ ನಡಿಗೆ ಶುರುವಾಗಿದ್ದು 1985ರಲ್ಲಿ. ಬ್ಯಾಂಡ್‌ಗಳು ಇದಕ್ಕೆ ಸೇರಿಸಿದ್ದು ಒಂದೇ ವಿಷಯ: ಸಂಜೆ ಹೇಗೂ ಸೇರುವ ಜನರನ್ನು ಎರಡು ಗಂಟೆ ಮುಂಚೆ ಕರೆದರು.

ನನ್ನ ಹತ್ರ ಟಿಕೆಟ್ ಇಲ್ಲ. ನಡಿಗೆಗೆ ಮಾತ್ರ ಬರಬಹುದಾ?

ಬಹುತೇಕ ಕಡೆ ಬರಬಹುದು. ನಡೆಯುವುದು ಎಲ್ಲರ ರಸ್ತೆಯಲ್ಲಿ, ಅಲ್ಲಿ ಟಿಕೆಟ್ ಕೇಳುವವರಿಲ್ಲ. ಮುಂಚೆ ಹೆಸರು ಬರೆಸಬೇಕು ಅಂತ ಪ್ರಕಟಣೆಯಲ್ಲಿ ಇದ್ದರೆ ಮಾತ್ರ ಬರೆಸಿ. ಟಿಕೆಟ್ ಇಲ್ಲದೆ ನಡೆಯಲು ಬಂದವರನ್ನು ಕಂಡರೆ ನನಗೆ ಸ್ವಲ್ಪ ಜಾಸ್ತಿಯೇ ಗೌರವ.

ಒಬ್ಬಳೇ ಬರ್ತಿದೀನಿ, ಯಾರೂ ಪರಿಚಯ ಇಲ್ಲ. ಪೆಚ್ಚಾಗಿ ನಿಲ್ಬೇಕಾಗುತ್ತಾ?

ಮೊದಲ ಐದು ನಿಮಿಷ, ಹೌದು. ಸುಳ್ಳು ಹೇಳಲ್ಲ. ಹಳಬರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿರುತ್ತಾರೆ. ಹಿಂದಿನ ಪ್ರವಾಸದ ಟಿ ಶರ್ಟ್ ತೋರಿಸಿ ನಗುತ್ತಿರುತ್ತಾರೆ. ನೀವು ಫೋನ್ ನೋಡುವ ಹಾಗೆ ನಟಿಸುತ್ತಿರುತ್ತೀರಿ.

ನಡೆಯಲು ಶುರು ಮಾಡಿದ ಮೇಲೆ ಅದು ಬದಲಾಗುತ್ತದೆ. ಕ್ಯೂನಲ್ಲಿ ಗಂಟೆಗಟ್ಟಲೆ ನಿಂತರೂ ಮುಂದಿನವರ ಬೆನ್ನು, ಹಿಂದಿನವರ ಬ್ಯಾಗು ಅಷ್ಟೇ ಕಾಣುವುದು. ನಡೆಯುವಾಗ ಪಕ್ಕದವರು ಬದಲಾಗುತ್ತಲೇ ಇರುತ್ತಾರೆ. ನನ್ನ ಮೊದಲ ನಡಿಗೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಎರಡೂ ಚಪ್ಪಲಿಯನ್ನು ಒಂದೇ ಕೈಯಲ್ಲಿ ಹಿಡಿದು ನನ್ನ ಪಕ್ಕ ಬಂದರು. 'ನಿನಗೆ ಯಾವ ಆಲ್ಬಂ ಇಷ್ಟ' ಅಂತ ಕೇಳಲಿಲ್ಲ. 'ಆ ಬಿಳಿ ಪಟ್ಟೆ ಮೇಲೆ ನಡಿ, ಅಲ್ಲಿ ಸುಡಲ್ಲ' ಅಂದರು. ಅಲ್ಲಿಂದ ಕೊನೆವರೆಗೂ ಜೊತೆಗೇ ನಡೆದೆವು. ಹೆಸರು ಕೇಳಿದ್ದು ವಾಪಸ್ ಬಂದ ಮೇಲೆ.

ಒಬ್ಬರೇ ಬರುವವರು ಸಾಲಿನ ನಡುವೆ ಇರಿ. ತುದಿಗಳಲ್ಲಿ ಗೆಳೆಯರ ಗುಂಪುಗಳು ಗಟ್ಟಿಯಾಗಿರುತ್ತವೆ, ನಡುವೆ ಸಡಿಲ. ನಡಿಗೆ ಮುಗಿದ ಮೇಲೆ ಎಲ್ಲಿ ಇರುತ್ತೀರಿ, ರಾತ್ರಿ ಹೇಗೆ ಹೋಗುತ್ತೀರಿ ಅನ್ನೋದನ್ನು ಮನೆಯವರಿಗೆ ಮುಂಚೆಯೇ ಹೇಳಿಡಿ.

ಬ್ಯಾಂಡ್‌ನವರ ಜೊತೆ ಸೆಲ್ಫಿ ಸಿಗುತ್ತಾ?

ಸಿಗಬಹುದು. ಅದಕ್ಕೇ ಅಂತ ಬಂದರೆ ಮಾತ್ರ ಬೇಜಾರಾಗಬಹುದು. ಮುಂದೆ ಹತ್ತಿಪ್ಪತ್ತು ಜನ ಅವರ ಸುತ್ತ ಗೋಡೆ ಕಟ್ಟಿ ಹಿಂದಕ್ಕೆ ತಿರುಗಿಕೊಂಡೇ ನಡೆಯುತ್ತಾರೆ, ಫೋನ್ ಎತ್ತಿ ಹಿಡಿದುಕೊಂಡು. ಹಾಗೆ ಹಿಮ್ಮುಖ ನಡೆದು ಫುಟ್‌ಪಾತ್ ಅಂಚಿಗೆ ಹಿಮ್ಮಡಿ ತಾಗಿ ಬಿದ್ದವರನ್ನು ನಾನೇ ಎತ್ತಿದ್ದೇನೆ. ಫೋನಿಗೆ ಏನೂ ಆಗಿರಲಿಲ್ಲ, ಮೊಣಕೈ ಕಿತ್ತುಹೋಗಿತ್ತು.

ಮಾತಾಡಬೇಕು ಅಂತಿದ್ದರೆ ಪಕ್ಕದಲ್ಲಿ ಸುಮ್ನೆ ನಡೆಯಿರಿ, ಅವರ ಮಾತು ಮುಗಿಯಲಿ, ಆಮೇಲೆ ಒಂದು ವಾಕ್ಯ ಹೇಳಿ. ಹೇಳಿ ಮುಗಿದ ಮೇಲೆ ಹಿಂದಿನವರಿಗೆ ಜಾಗ ಬಿಡಿ. ಫೋಟೊ ಬೇಕಿದ್ದರೆ ನಡಿಗೆ ಮುಗಿಯುವ ಜಾಗದಲ್ಲಿ ಕೇಳುವುದು ವಾಸಿ.

## ಕಾಲು, ಬ್ಯಾಗು, ಬಿಸಿಲು

ಬರಿಗಾಲಲ್ಲೇ ನಡೀಬೇಕಾ? ಶೂ ಹಾಕ್ಕೊಂಡ್ರೆ ಎಲ್ರೂ ನೋಡ್ತಾರಾ?

ಯಾರೂ ನೋಡಲ್ಲ. ನೋಡಿದರೂ ಕಾಲು ನಿಮ್ಮದು.

ಬರಿಗಾಲಿಗೆ ಒಂದು ಕಾರಣ ಇದೆ, ಅದು ಬರೀ ನಾಟಕ ಅಲ್ಲ. ಚಪ್ಪಲಿ ಇಲ್ಲದೆ ಓಡಾಡುವ ಕಡೆ ಕೊಕ್ಕೆಹುಳುವಿನ ಮರಿಗಳು ಮಣ್ಣಿನಿಂದ ನೇರ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತವೆ. ಕರುಳಿಗೆ ಅಂಟಿ ರಕ್ತ ಹೀರುತ್ತವೆ. ಮಕ್ಕಳಿಗೆ ರಕ್ತಹೀನತೆ ಬರುತ್ತದೆ. ಇಥಿಯೋಪಿಯಾದಂಥ ಕಡೆ ಜ್ವಾಲಾಮುಖಿಯಿಂದಾದ ಕೆಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಬರಿಗಾಲಲ್ಲಿ ದುಡಿಯುವ ರೈತರಿಗೆ ಪೋಡೊಕೋನಿಯೋಸಿಸ್ ಅಂತ ಒಂದು ಕಾಯಿಲೆ ಬರುತ್ತದೆ. ಆನೆಕಾಲಿನ ಹಾಗೇ ಕಾಲು ಊದಿಕೊಳ್ಳುತ್ತದೆ, ಆದರೆ ಸೊಳ್ಳೆಯಿಂದಲ್ಲ, ಮಣ್ಣಿನ ಸಣ್ಣ ಕಣಗಳಿಂದ. ಚಿಕ್ಕಂದಿನಿಂದ ಶೂ ಹಾಕಿ ಕಾಲು ತೊಳೆದುಕೊಂಡರೆ ಬರುವುದೇ ಇಲ್ಲ. ಒಂದು ಜೊತೆ ಶೂ ಅಂದರೆ ಏನು ಅನ್ನೋದು ಅಂಗಾಲಿಗೆ ಗೊತ್ತಾಗಲಿ ಅಂತ ಈ ಒಂದು ಮೈಲಿ.

ಆದರೆ ಊರಿನ ರಸ್ತೆ ಹೊಲದ ಹಾದಿ ಅಲ್ಲ. ಗಾಳಿ 30 ಡಿಗ್ರಿ ಇರುವ ದಿನ ಬಿಸಿಲಿಗೆ ಬಿದ್ದ ಡಾಂಬರು 50 ಡಿಗ್ರಿ ದಾಟಬಹುದು. ಹೊರಡುವ ಮುಂಚೆ ಅಂಗೈಯ ಹಿಂಭಾಗವನ್ನು ರಸ್ತೆ ಮೇಲೆ ಇಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡಲು ಆಗದಿದ್ದರೆ ಶೂ ಹಾಕಿಕೊಳ್ಳಿ, ಮುಂದಿನ ಮಾತಿಲ್ಲ. ಡಾಂಬರಿಗಿಂತ ಬಿಳಿ ಸಿಮೆಂಟ್ ತಂಪು, ಅದಕ್ಕಿಂತ ಹುಲ್ಲು ತಂಪು. ಗಾಜಿನ ಚೂರು ಜಾಸ್ತಿ ಇರುವುದು ಬಸ್ ನಿಲ್ದಾಣದ ಸುತ್ತ ಮತ್ತು ಪಾರ್ಕಿಂಗ್ ಅಂಚಿನಲ್ಲಿ. ಅಲ್ಲಿ ಕಣ್ಣು ಬ್ಯಾಂಡ್ ಮೇಲಲ್ಲ, ನೆಲದ ಮೇಲಿರಲಿ.

ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಲೇಬೇಡಿ. ಪಾದದ ಸ್ಪರ್ಶಜ್ಞಾನ ಕಮ್ಮಿಯಾಗಿದ್ದರೆ ಗಾಯ ಆಗಿದ್ದೇ ಗೊತ್ತಾಗಲ್ಲ, ಆಮೇಲೆ ಅದು ಬೇಗ ಮಾಯುವುದೂ ಇಲ್ಲ. ಉಳಿದವರು ಟೆಟನಸ್ ಇಂಜೆಕ್ಷನ್ ಕೊನೆಗೆ ಯಾವಾಗ ತಗೊಂಡಿದ್ದು ಅಂತ ನೆನಪು ಮಾಡಿಕೊಳ್ಳಿ. ಹತ್ತು ವರ್ಷ ಆಗಿದ್ದರೆ ಡಾಕ್ಟರನ್ನು ಕೇಳಿ. ಬರಿಗಾಲಲ್ಲಿ ಹೊರಟರೂ ಶೂ ಕೈಯಲ್ಲೇ ಇರಲಿ. ಅರ್ಧ ದಾರಿಯಲ್ಲಿ ಹಾಕಿಕೊಂಡರೆ ಅರ್ಧ ಪುಣ್ಯ ಅಂತೇನೂ ಇಲ್ಲ.

ಏನೇನು ತರಬೇಕು?

ಕಮ್ಮಿ ತನ್ನಿ. ನೀರು, ಟೋಪಿ, ಒಂದಷ್ಟು ಬ್ಯಾಂಡೇಜ್, ಕಾಲು ಒರೆಸಲು ಒದ್ದೆ ಟಿಶ್ಯೂ, ಒಂದು ಜೊತೆ ಕಾಲುಚೀಲ. ಕಾಲುಚೀಲ ಮರೆಯಬೇಡಿ. ಬರಿಗಾಲಲ್ಲಿ ನಡೆದ ಧೂಳು ಕಾಲನ್ನು ಹಾಗೇ ಶೂ ಒಳಗೆ ತುರುಕಿ ಮೂರು ಗಂಟೆ ನಿಂತರೆ ಬೊಬ್ಬೆ ಬರುವುದು ಗ್ಯಾರಂಟಿ.

ಬ್ಯಾಗಿನ ವಿಷಯ ಮುಂಚೆಯೇ ನೋಡಿಕೊಳ್ಳಿ. ಸಭಾಂಗಣಗಳು ದೊಡ್ಡ ಬ್ಯಾಗು, ಲೋಹದ ನೀರಿನ ಬಾಟಲಿ ಒಳಗೆ ಬಿಡದಿರಬಹುದು. ನಡಿಗೆಗೆ ತಂದದ್ದೇ ಬಾಗಿಲಲ್ಲಿ ತೊಂದರೆ ಆಗಬಾರದು.

ಅಮ್ಮ ವೀಲ್‌ಚೇರ್‌ನಲ್ಲಿರ್ತಾರೆ, ಮಗುಗೆ ನಾಲ್ಕು ವರ್ಷ. ಇಬ್ರನ್ನೂ ಕರ್ಕೊಂಡು ಬರಬಹುದಾ?

ಬನ್ನಿ. ಆದರೆ ದಾರಿಯಲ್ಲಿ ಮೆಟ್ಟಿಲು ಇದೆಯಾ, ಫುಟ್‌ಪಾತ್‌ಗೆ ಇಳಿಜಾರು ಇದೆಯಾ ಅಂತ ನಡೆಸುವವರನ್ನು ಹಿಂದಿನ ದಿನವೇ ಕೇಳಿ. ಕೇಳಿದರೆ ಅವರಿಗೂ ಒಳ್ಳೆಯದು, ಯಾಕಂದರೆ ಎಷ್ಟೋ ಸಲ ಅವರು ಅದನ್ನು ಯೋಚಿಸಿಯೇ ಇರುವುದಿಲ್ಲ. ವೀಲ್‌ಚೇರ್ ಸಾಲಿನ ಮುಂದಿರಲಿ. ಹಿಂದಿದ್ದರೆ ಗುಂಪು ನಿಂತು ಹೊರಟಾಗಲೆಲ್ಲ ಓಡಿ ಹಿಡಿಯಬೇಕಾಗುತ್ತದೆ, ಮುಂದಿದ್ದರೆ ಎಲ್ಲರ ವೇಗವೂ ಅದಕ್ಕೇ ಹೊಂದಿಕೊಳ್ಳುತ್ತದೆ.

ನಾಲ್ಕು ವರ್ಷದ ಮಗು ಒಂದು ಮೈಲಿಯ ಮೊದಲರ್ಧ ಓಡುತ್ತದೆ, ಎರಡನೇ ಅರ್ಧ ನಿಮ್ಮ ಹೆಗಲ ಮೇಲೆ ಬರುತ್ತದೆ. ಹೆಗಲು ಸಿದ್ಧ ಮಾಡಿಕೊಳ್ಳಿ.

ಮಳೆ ಬಂದ್ರೆ?

ಸಣ್ಣ ಮಳೆಗೆ ನಡೆಯುತ್ತಾರೆ. ಗುಡುಗು ಕೇಳಿಸಿದರೆ ಒಳಗೆ ಹೋಗಿ. ಗುಡುಗು ಕೇಳುವಷ್ಟು ದೂರದಲ್ಲಿದ್ದೀರಿ ಅಂದರೆ ಸಿಡಿಲು ತಾಗುವಷ್ಟು ದೂರದಲ್ಲೂ ಇದ್ದೀರಿ.

ನಡೆದು ಸುಸ್ತಾಗಿ ಶೋನಲ್ಲಿ ನಿಲ್ಲೋಕೆ ಆಗುತ್ತಾ?

ಒಂದು ಮೈಲಿಗೆ ಯಾರೂ ಸುಸ್ತಾಗಲ್ಲ. ಸುಸ್ತು ಮಾಡುವುದು ಬಿಸಿಲಲ್ಲಿ ಏನೂ ತಿನ್ನದೆ ನಿಲ್ಲುವುದು. ಮುಂದಿನ ಸಾಲಿನಲ್ಲಿ ತಲೆಸುತ್ತಿ ಬೀಳುವವರು ಹೆಚ್ಚಾಗಿ ಬೆಳಗಿನಿಂದ ಹೊಟ್ಟೆಗೆ ಏನೂ ಹಾಕದವರು. 'ಬಾತ್‌ರೂಮ್‌ಗೆ ಹೋದ್ರೆ ಜಾಗ ಹೋಗುತ್ತೆ' ಅಂತ ನೀರೂ ಕುಡಿದಿರುವುದಿಲ್ಲ. ನಡಿಗೆ ಮುಗಿದ ಮೇಲೆ ಅರ್ಧ ಗಂಟೆ ಕೂತು ಏನಾದರೂ ತಿನ್ನಿ. ನಿಂತಿರುವಾಗ ಮೊಣಕಾಲು ಬಿಗಿಹಿಡಿದು ನಿಲ್ಲಬೇಡಿ, ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಕಾಲಿನ ರಕ್ತ ಮೇಲಕ್ಕೆ ಹೋಗಲಿ.

ಕಿವಿಗೆ ಇಯರ್‌ಪ್ಲಗ್ ಇರಲಿ. ಶೋ ನಡೆಯುವ ಜಾಗಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಸ್ಪೀಕರ್ ಎದುರು ನಿಂತವರಿಗೆ ಅದರ ಅರ್ಥ ಮರುದಿನ ಬೆಳಿಗ್ಗೆ ಕಿವಿ ಗುಂಯ್ ಅಂದಾಗ ಗೊತ್ತಾಗುತ್ತದೆ.

## ಕ್ಯೂ ಅನ್ನೋ ದೊಡ್ಡ ಪ್ರಶ್ನೆ

ನಡಿಗೆಗೆ ಹೋದ್ರೆ ಕ್ಯೂನಲ್ಲಿ ನನ್ನ ಜಾಗ ಹೋಗಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಇದನ್ನು ಕೇಳುವಾಗ ಎಲ್ಲರ ದನಿಯೂ ಸ್ವಲ್ಪ ತಗ್ಗುತ್ತದೆ, ತಪ್ಪು ಮಾಡಿದವರ ಹಾಗೆ. ತಪ್ಪೇನಿಲ್ಲ. ಸೀಟು ನಂಬರ್ ಇಲ್ಲದ ಶೋಗಳಲ್ಲಿ ಮುಂದಿನ ಸಾಲು ಮೊದಲು ಬಂದವರಿಗೆ. ಅದಕ್ಕೆ ಬೆಳಗಿನ ಜಾವದಿಂದ ಕಾದವರು ಮಧ್ಯಾಹ್ನ ಮುಕ್ಕಾಲು ಗಂಟೆ ಎದ್ದು ಹೋಗುವುದು ಸುಲಭ ಅಲ್ಲ.

ಹಳೆ ಅಭಿಮಾನಿಗಳು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಮೊದಲು ಬಂದವರು ಒಂದು ನೋಟ್‌ಬುಕ್ ಇಡುತ್ತಾರೆ. ಬಂದ ಹಾಗೆಲ್ಲ ಹೆಸರು, ನಂಬರ್ ಬರೆಯುತ್ತಾರೆ. ಅದೇ ನಂಬರನ್ನು ಮಾರ್ಕರ್ ಪೆನ್ನಿನಲ್ಲಿ ನಿಮ್ಮ ಕೈ ಮೇಲೂ ಬರೆಯುತ್ತಾರೆ. ನಡಿಗೆಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಎದ್ದು ಹೋಗುತ್ತಾರೆ, ವಾಪಸ್ ಬಂದು ನಂಬರ್ ಪ್ರಕಾರ ನಿಲ್ಲುತ್ತಾರೆ.

ಇದರಲ್ಲಿ ಎರಡು ತೂತು. ಒಂದು, ಈ ಪಟ್ಟಿ ಅಭಿಮಾನಿಗಳದ್ದು, ಸಭಾಂಗಣದ್ದಲ್ಲ. ಬಾಗಿಲ ಸಿಬ್ಬಂದಿ 'ನಂಗೆ ಯಾವ ಪಟ್ಟಿನೂ ಗೊತ್ತಿಲ್ಲ, ನಿಂತವರೇ ಕ್ಯೂ' ಅಂದರೆ ಮುಗೀತು. ಎರಡು, ನಡಿಗೆ ವಿಷಯವೇ ಗೊತ್ತಿಲ್ಲದೆ ಅದೇ ಹೊತ್ತಿಗೆ ಬಂದವರು ಖಾಲಿ ಬಾಗಿಲು ನೋಡಿ ಖುಷಿಯಾಗಿ ಮುಂದೆ ನಿಲ್ಲುತ್ತಾರೆ. ಅವರ ತಪ್ಪೂ ಅಲ್ಲ, ಅಲ್ವಾ?

ನಾನು ಒಂದು ಸಲ ಕೈ ಮೇಲೆ 14 ಬರೆಸಿಕೊಂಡು ನಡೆಯಲು ಹೋದೆ. ವಾಪಸ್ ಬಂದಾಗ ಬಾಗಿಲಲ್ಲಿ ನಲವತ್ತು ಜನ ಇದ್ದರು. ಬೆವರಿಗೆ ನನ್ನ ಕೈಯ 14ರಲ್ಲಿ 1 ಅಳಿಸಿಹೋಗಿ ಬರೀ 4 ಉಳಿದಿತ್ತು. ಪಕ್ಕದವನು ಅದನ್ನು ನೋಡಿ ಪ್ರಾಮಾಣಿಕವಾಗಿ ನನ್ನನ್ನು ನಾಲ್ಕನೇ ಜಾಗಕ್ಕೆ ತಳ್ಳಿದ. ನಿಜವಾದ ನಾಲ್ಕನೆಯವಳು ಹಿಂದೆಯೇ ಬಂದಳು, ಅವಳ ಕೈಯಲ್ಲಿ ನಂಬರ್ ಇನ್ನೂ ಗಟ್ಟಿಯಾಗಿತ್ತು. ಕೊನೆಗೆ ನಾನು ನಿಂತಿದ್ದು ಐದನೇ ಸಾಲಿನಲ್ಲಿ.

ಈಗ ನಾನು ಮಾಡುವುದು ಇಷ್ಟು. ನೋಟ್‌ಬುಕ್ ಹಿಡಿದವರ ಜೊತೆ ಹೋಗಿ, ನಡಿಗೆಗೆ ಎರಡು ಗಂಟೆ ಮುಂಚೆಯೇ ಬಾಗಿಲ ಸಿಬ್ಬಂದಿಯ ಮುಖ್ಯಸ್ಥರನ್ನು ಮಾತಾಡಿಸುತ್ತೇನೆ. ನಯವಾಗಿ ಕೇಳಿದರೆ ಬಹಳ ಜನ ಒಪ್ಪುತ್ತಾರೆ, ಕಾಗದದ ಕೈಪಟ್ಟಿ ಕೊಟ್ಟವರೂ ಇದ್ದಾರೆ. ನಡೆಯಲು ಆಗದ ಇಬ್ಬರು ಮೂವರು ಹೇಗೂ ಇರುತ್ತಾರೆ. ಅವರು ಬಾಗಿಲಲ್ಲಿ ಕೂತು ಹೊಸಬರಿಗೆ ವಿಷಯ ಹೇಳಿ ನಂಬರ್ ಕೊಡುತ್ತಾರೆ. ಅವರಿಗೆ ವಾಪಸ್ ಬರುವಾಗ ತಣ್ಣಗಿನ ಏನಾದರೂ ತಂದುಕೊಡುವುದು ನಮ್ಮ ಲೆಕ್ಕ.

ಇಷ್ಟೆಲ್ಲ ಮಾಡಿಯೂ ಜಾಗ ಹೋಗಬಹುದು. ಮುಂದಿನ ಸಾಲು ಬಿಟ್ಟರೆ ಬದುಕಿಲ್ಲ ಅನ್ನುವಷ್ಟು ಬೇಕಿದ್ದರೆ ಆ ದಿನ ನಡೆಯಬೇಡಿ, ಕ್ಯೂನಲ್ಲೇ ಇರಿ, ಯಾರೂ ಏನೂ ಅಂದುಕೊಳ್ಳಲ್ಲ. ಎರಡೂ ಬೇಕು ಅಂತ ಅರ್ಧ ನಡೆದು ಓಡಿ ಬರುವವರು ಎರಡನ್ನೂ ಕಳೆದುಕೊಂಡಿದ್ದನ್ನು ನೋಡಿದ್ದೇನೆ.

## ದುಡ್ಡಿನ ಲೆಕ್ಕ

ನಡೆದ್ರೆ ದುಡ್ಡು ಹೇಗೆ ಬರುತ್ತೆ? ನಾವು ಕೊಡ್ಬೇಕಾ?

ಮೂರು ನಾಲ್ಕು ಥರ ಇದೆ. ಕೆಲವು ಕಡೆ ನಡೆಯುವ ಪ್ರತಿಯೊಬ್ಬರ ಲೆಕ್ಕದಲ್ಲಿ ಬ್ಯಾಂಡೇ ಇಷ್ಟು ಅಂತ ಕೊಡುತ್ತದೆ. ಹ್ಯಾನ್ಸನ್ ಮಾಡಿದ್ದು ಹಾಗೆ, ತಲೆಗೆ ಒಂದು ಡಾಲರ್. ಆ ಡಾಲರ್ ಶೂಗೆ ಹೋಗಲಾ, ಬಾವಿಗೆ ಹೋಗಲಾ, ಶಾಲೆಗಾ, ಔಷಧಿಗಾ ಅನ್ನೋದನ್ನು ನಡೆದವರೇ ಆರಿಸಬಹುದಿತ್ತು. ಕೆಲವು ಕಡೆ ನೀವು ನಿಮ್ಮ ನೆಂಟರು, ಸಹೋದ್ಯೋಗಿಗಳ ಹತ್ತಿರ 'ನಾನು ನಡೆದರೆ ಇಷ್ಟು ಕೊಡ್ತೀರಾ' ಅಂತ ಮೊದಲೇ ಮಾತು ತಗೊಳ್ಳಬೇಕು. ಇನ್ನು ಕೆಲವು ಕಡೆ ನೋಂದಣಿ ಶುಲ್ಕ, ಅಥವಾ ಟಿ ಶರ್ಟ್ ಮಾರಿದ್ದರಲ್ಲಿ ಒಂದು ಪಾಲು.

ಬರುವ ಮುಂಚೆ ಇದರಲ್ಲಿ ಯಾವುದು ಅಂತ ತಿಳಿದುಕೊಳ್ಳಿ. ದಾರಿಯಲ್ಲಿ ಡಬ್ಬಿ ಹಿಡಿದು ಬರುವವರಿಗೆಲ್ಲ ನೋಟು ಹಾಕಬೇಡಿ. ದೊಡ್ಡ ಗುಂಪು ಇದ್ದ ಕಡೆ ಸಂಬಂಧ ಇಲ್ಲದ ಡಬ್ಬಿಗಳೂ ಓಡಾಡುತ್ತವೆ.

ಆ ದುಡ್ಡು ಸರಿಯಾದ ಕಡೆ ಹೋಗುತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ?

ಒಳ್ಳೆ ಮನಸ್ಸು ಗ್ಯಾರಂಟಿ ಅಲ್ಲ. ಅದಕ್ಕೆ 1971ರ ಕಥೆ ಸಾಕು. ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಏನಾದರೂ ಮಾಡಬೇಕು ಅಂತ ಸಿತಾರ್ ವಾದಕ ರವಿಶಂಕರ್ ತಮ್ಮ ಗೆಳೆಯ, ಬೀಟಲ್ಸ್ ಬ್ಯಾಂಡ್‌ನಲ್ಲಿದ್ದ ಜಾರ್ಜ್ ಹ್ಯಾರಿಸನ್‌ಗೆ ಹೇಳಿದರು. ಆಗಸ್ಟ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು, ಎರಡು ಶೋ ನಡೆದವು. ಟಿಕೆಟ್‌ನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಬೇಗ ಹೋಯಿತು. ಆದರೆ ಆಲ್ಬಂ, ಸಿನಿಮಾದಿಂದ ಬಂದ ಲಕ್ಷಾಂತರ ಡಾಲರ್ ವರ್ಷಗಟ್ಟಲೆ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ಸಿಕ್ಕಿಕೊಂಡಿತು. ಕಾರಣ ಕಳ್ಳತನ ಅಲ್ಲ. ಕಾರ್ಯಕ್ರಮಕ್ಕೆ ಮುಂಚೆಯೇ ದಾನ ಸಂಸ್ಥೆಯ ಜೊತೆ ಕಾಗದಪತ್ರ ಮಾಡಿಕೊಂಡಿರಲಿಲ್ಲ, ಹಾಗಾಗಿ ತೆರಿಗೆ ವಿನಾಯಿತಿ ಸಿಗಲಿಲ್ಲ. ಜನ ಹಸಿದಿದ್ದಾಗ ದುಡ್ಡು ಕಡತದಲ್ಲಿ ಕೂತಿತ್ತು.

ಹಾಗಾಗಿ ಕೇಳಬೇಕಾದ್ದು ಮೂರೇ ಪ್ರಶ್ನೆ. ದುಡ್ಡು ಪಡೆಯುವ ಸಂಸ್ಥೆಯ ಹೆಸರೇನು, ಅದು ನೋಂದಣಿಯಾಗಿದೆಯಾ? ನಡಿಗೆಗೆ ಮುಂಚೆಯೇ ಅವರ ಒಪ್ಪಿಗೆ ಇದೆಯಾ? ಮುಗಿದ ಮೇಲೆ ಎಷ್ಟು ಬಂತು, ಎಷ್ಟು ಕೊಟ್ಟಿರಿ ಅಂತ ಹೇಳುತ್ತೀರಾ? 'ಎಲ್ಲಾ ಒಳ್ಳೆ ಕೆಲಸಕ್ಕೇ ಹೋಗುತ್ತೆ' ಅನ್ನೋದು ಉತ್ತರ ಅಲ್ಲ.

ಒಂದು ಡಾಲರ್‌ನಿಂದ ಏನಾಗುತ್ತೆ? ಇದೆಲ್ಲ ಪಬ್ಲಿಸಿಟಿ ಅಲ್ವಾ?

ಸ್ವಲ್ಪ ಪಬ್ಲಿಸಿಟಿ ಇದ್ದೇ ಇದೆ. ಫೋಟೊ ಬರುತ್ತದೆ, ಟಿಕೆಟ್ ಮಾರಾಟವಾಗುತ್ತದೆ. ಅದನ್ನು ಮುಚ್ಚಿಡುವುದು ಯಾಕೆ? ಆದರೆ ಎಷ್ಟು ಜನ ನಡೆದರೂ ಆ ಮಧ್ಯಾಹ್ನ ಬರುವ ಮೊತ್ತ ಚಿಕ್ಕದೇ. ನಡೆದವರು ಮನೆಗೆ ಹೋಗಿ ಆ ಸಂಸ್ಥೆಗೆ ತಿಂಗಳಿಗಿಷ್ಟು ಅಂತ ಕೊಡಲು ಶುರು ಮಾಡಿದರೆ ಅದು ದೊಡ್ಡದು. ನನಗೆ ಗೊತ್ತಿರುವ ಇಬ್ಬರು ಹಾಗೆ ಮಾಡುತ್ತಿದ್ದಾರೆ. ಮಾಡದೆ ಮರೆತವರು ಇನ್ನೂ ಜಾಸ್ತಿ, ಒಂದು ವರ್ಷ ನಾನೂ ಆ ಪೈಕಿ.

ದುಡ್ಡು ಯಾವುದಕ್ಕೆ ಹೋಗುತ್ತದೆ ಅನ್ನೋದೂ ಮುಖ್ಯ. ಎಚ್‌ಐವಿ ಇರುವ ತಾಯಿಗೆ ಯಾವ ಚಿಕಿತ್ಸೆಯೂ ಸಿಗದಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 15ರಿಂದ 45. ಬಸಿರಿನಲ್ಲಿ, ಹೆರಿಗೆಯಲ್ಲಿ, ಹಾಲೂಡಿಸುವಾಗ ಸರಿಯಾಗಿ ಔಷಧಿ ಸಿಕ್ಕರೆ ಅದು 5ಕ್ಕಿಂತ ಕೆಳಗೆ ಬರುತ್ತದೆ. ಇಂಥ ಕೆಲಸಕ್ಕೆ ಸಣ್ಣ ದುಡ್ಡೂ ಗಟ್ಟಿ ದುಡ್ಡು.

ಶೂ ಹಂಚುವುದರ ಬಗ್ಗೆ ನನಗೆ ಅಷ್ಟು ಖಚಿತ ಇಲ್ಲ. ಹ್ಯಾನ್ಸನ್ ಜೊತೆ ನಡೆದ ಟಾಮ್ಸ್ ಅನ್ನೋ ಶೂ ಕಂಪನಿ 2006ರಲ್ಲಿ ಶುರುವಾಗಿದ್ದು, ಒಂದು ಜೊತೆ ಮಾರಿದರೆ ಒಂದು ಜೊತೆ ದಾನ ಅಂತ. ಎಲ್ ಸಾಲ್ವಡಾರ್‌ನಲ್ಲಿ ಆ ಶೂ ಪಡೆದ ಮಕ್ಕಳ ಬಗ್ಗೆ ಅಧ್ಯಯನ ಮಾಡಿದಾಗ ಬದುಕಿನಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. 'ನಮಗೆ ಬೇಕಾದ್ದನ್ನು ಹೊರಗಿನವರು ಕೊಡಬೇಕು' ಅನ್ನುವ ಮಕ್ಕಳ ಸಂಖ್ಯೆ ಮಾತ್ರ ಏರಿತ್ತು. ಆಮೇಲೆ ಕಂಪನಿಯೇ ಆ ಪದ್ಧತಿ ಬಿಟ್ಟು, ಲಾಭದ ಮೂರನೇ ಒಂದು ಪಾಲು ಸ್ಥಳೀಯ ಸಂಘಟನೆಗಳಿಗೆ ಕೊಡುವ ದಾರಿಗೆ ಬಂತು. ಆರಿಸುವ ಅವಕಾಶ ಇದ್ದರೆ ನಾನು ಔಷಧಿಗೆ ಗುರುತು ಹಾಕುತ್ತೇನೆ.

## ನಾವೇ ನಡೆಸೋಣ ಅನ್ನುವವರಿಗೆ

ಬ್ಯಾಂಡ್ ನಮ್ಮ ಕಡೆ ಬರೋದೇ ಇಲ್ಲ. ಅಭಿಮಾನಿಗಳೇ ಸೇರಿ ಮಾಡಬಹುದಾ?

ಖಂಡಿತ. ಹ್ಯಾನ್ಸನ್ ಇದಕ್ಕೆ ಬಾಗಿಲು ತೆರೆದೇ ಇಟ್ಟಿದ್ದರು. ಯಾರು ಬೇಕಾದರೂ ತಮ್ಮ ಊರಲ್ಲಿ ನಡಿಗೆ ನಡೆಸಿ ಲೆಕ್ಕ ಕೊಡಬಹುದಿತ್ತು. ಎಲ್ಲರ ಮೈಲಿ ಕೂಡಿಸಿ ಭೂಮಿಗೆ ಒಂದು ಸುತ್ತು, ಅಂದರೆ ಸುಮಾರು 40,000 ಕಿಲೋಮೀಟರ್ ನಡೆಯಬೇಕು ಅನ್ನೋದು ಗುರಿ.

ಒಂದು ಎಚ್ಚರಿಕೆ. ಬ್ಯಾಂಡ್‌ನ ಹೆಸರು, ಲೋಗೊ ಹಾಕಿ ದುಡ್ಡು ಕೂಡಿಸುವುದಕ್ಕೆ ಅವರ ಒಪ್ಪಿಗೆ ಬೇಕು. ಒಪ್ಪಿಗೆ ಸಿಗದಿದ್ದರೆ 'ಅಭಿಮಾನಿಗಳ ನಡಿಗೆ' ಅಂತ ಇಟ್ಟುಕೊಳ್ಳಿ, ದುಡ್ಡನ್ನು ಜನ ನೇರವಾಗಿ ಸಂಸ್ಥೆಗೇ ಕಳಿಸಲಿ. ನಿಮ್ಮ ಖಾತೆಗೆ ಒಂದು ಪೈಸೆಯೂ ಬರುವುದು ಬೇಡ. ಲೆಕ್ಕ ಸರಿ ಇದ್ದರೂ ಅನುಮಾನ ಅನ್ನೋದು ಗೆಳೆತನ ಕೆಡಿಸುತ್ತದೆ. ಪೊಲೀಸರಿಗೆ, ಸ್ಥಳೀಯ ಆಡಳಿತಕ್ಕೆ ಮುಂಚೆಯೇ ತಿಳಿಸಿ. ಫುಟ್‌ಪಾತ್ ಮೇಲಷ್ಟೇ ನಡೆದರೂ ತಿಳಿಸಿ.

ದಾರಿ ಹೇಗೆ ಆರಿಸೋದು?

ಮ್ಯಾಪ್ ನೋಡಿ ಆರಿಸಬೇಡಿ, ನಡೆದು ಆರಿಸಿ. ನಡಿಗೆ ಯಾವ ಹೊತ್ತಿಗೋ ಅದೇ ಹೊತ್ತಿಗೆ, ವಾರದ ಅದೇ ದಿನ. ಬೆಳಿಗ್ಗೆ ನೆರಳಿದ್ದ ಬದಿ ಮಧ್ಯಾಹ್ನ ಬಾಣಲೆ ಆಗಿರುತ್ತದೆ. ಆದಷ್ಟೂ ಎಡಕ್ಕೇ ತಿರುಗುತ್ತಾ ಅಥವಾ ಬಲಕ್ಕೇ ತಿರುಗುತ್ತಾ ಸುತ್ತು ಹೊಡೆದರೆ ಒಂದೇ ಬದಿಯ ಫುಟ್‌ಪಾತ್‌ನಲ್ಲಿ ಇರಬಹುದು, ರಸ್ತೆ ದಾಟುವುದು ಕಮ್ಮಿ. ಆಸ್ಪತ್ರೆಯ ತುರ್ತು ಬಾಗಿಲ ಮುಂದೆ ಗುಂಪು ಒಯ್ಯಬೇಡಿ.

ಸಿಗ್ನಲ್‌ನಲ್ಲಿ ಗುಂಪು ತುಂಡಾಗುತ್ತೆ. ಏನ್ ಮಾಡೋದು?

ತುಂಡಾಗಲಿ ಬಿಡಿ. ಲೆಕ್ಕ ಹಾಕಿ ನೋಡಿ: ಇನ್ನೂರು ಜನ ಇಬ್ಬಿಬ್ಬರಂತೆ, ನಡುವೆ ಒಂದು ಮೀಟರ್ ಬಿಟ್ಟು ನಡೆದರೆ ಸಾಲು ನೂರು ಮೀಟರ್ ಉದ್ದ. ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ಆ ಸಾಲು ಒಂದು ಜಾಗ ದಾಟಲು ಒಂದೂವರೆ ನಿಮಿಷ ಬೇಕು. ಅಷ್ಟು ಹೊತ್ತು ಯಾವ ಸಿಗ್ನಲ್ ಹಸಿರಾಗಿರುತ್ತೆ? ಎಲ್ಲರನ್ನೂ ಒಟ್ಟಿಗೆ ದಾಟಿಸಲು ಹೋದಾಗಲೇ ಕೊನೆಯವರು ಕೆಂಪಿನಲ್ಲಿ ಓಡುವುದು.

ಮೊದಲೇ ಮೂವತ್ತು ನಲವತ್ತು ಜನರ ತುಂಡುಗಳಾಗಿ ಮಾಡಿ. ಪ್ರತಿ ತುಂಡಿಗೆ ಮುಂದೊಬ್ಬರು, ಹಿಂದೊಬ್ಬರು, ಇಬ್ಬರಿಗೂ ಕಣ್ಣಿಗೆ ಹೊಡೆಯುವ ಬಣ್ಣದ ಜಾಕೆಟ್. ಸಿಗ್ನಲ್ ದಾಟಿದ ತುಂಡು ನಿಂತು ಕಾಯದೆ ನಿಧಾನವಾಗಿ ಮುಂದೆ ಹೋಗಲಿ. ದಾಟಿದ ಕೂಡಲೇ ನಿಂತರೆ ಹಿಂದಿನವರಿಗೆ ಫುಟ್‌ಪಾತ್‌ಗೆ ಹತ್ತಲು ಜಾಗ ಇರಲ್ಲ, ರಸ್ತೆಯಲ್ಲೇ ಉಳಿಯುತ್ತಾರೆ. ಎಲ್ಲರಿಗಿಂತ ಹಿಂದೆ ನಡೆಯುವವರು ಗಟ್ಟಿಗರಾಗಿರಲಿ. ಅವರ ಬ್ಯಾಗಿನಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬಿ, ಚಿಮುಟ, ಎರಡು ಜೊತೆ ಅಗ್ಗದ ಚಪ್ಪಲಿ. ಬರಿಗಾಲ ನಡಿಗೆಯಲ್ಲಿ ಆ ಚಪ್ಪಲಿ ಒಮ್ಮೆಯೂ ಬಳಕೆಯಾಗದೆ ವಾಪಸ್ ಬಂದಿದ್ದನ್ನು ನಾನು ಕಂಡಿಲ್ಲ.

ಬ್ಯಾಂಡ್‌ನವರು ಬರ್ತೀವಿ ಅಂದು ಬರ್ಲೇ ಇಲ್ಲ ಅಂದ್ರೆ?

ಆಗುತ್ತದೆ. ಬಸ್ಸು ತಡವಾಗುತ್ತದೆ, ಹಾಡುವವರ ಗಂಟಲು ಕೆಡುತ್ತದೆ. ಹದಿನೈದು ನಿಮಿಷ ಕಾದು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೊರಟುಬಿಡಿ. 'ಈಗ ಬರ್ತಾರೆ, ಈಗ ಬರ್ತಾರೆ' ಅಂತ ಎಳೆದರೆ ಬಿಸಿಲಲ್ಲಿ ನಿಂತ ಜನ ಸಿಟ್ಟಾಗುತ್ತಾರೆ. ಕೆಲವರು ಹೊರಟುಹೋಗುತ್ತಾರೆ, ಹೋಗಲಿ.

ಎಷ್ಟು ಜನ ನಡೆದ್ರು ಅಂತ ಸರಿಯಾಗಿ ಎಣಿಸೋದು ಹೇಗೆ?

ತಲೆಗಿಷ್ಟು ಅಂತ ದುಡ್ಡು ಬರುವುದಾದರೆ ಇದು ಸಣ್ಣ ವಿಷಯ ಅಲ್ಲ. ಸೇರಿದ ಜಾಗದಲ್ಲಿ ಎಣಿಸಬೇಡಿ, ಅಲ್ಲಿ ಸುಮ್ನೆ ನೋಡಲು ನಿಂತವರೂ ಇರುತ್ತಾರೆ. ಅರ್ಧ ದಾರಿಯಲ್ಲಿ ಫುಟ್‌ಪಾತ್ ಕಿರಿದಾಗುವ ಒಂದು ಜಾಗ ನೋಡಿಡಿ. ಅಲ್ಲಿ ಇಬ್ಬರು, ಒಬ್ಬೊಬ್ಬರ ಕೈಯಲ್ಲೂ ಎಣಿಸುವ ಕ್ಲಿಕ್ಕರ್, ಬೇರೆ ಬೇರೆ ಬದಿಯಲ್ಲಿ ನಿಲ್ಲಲಿ. ಒಬ್ಬರ ಲೆಕ್ಕ ಇನ್ನೊಬ್ಬರು ನೋಡುವುದು ಬೇಡ. ಎರಡರ ನಡುವೆ ಐದಾರು ವ್ಯತ್ಯಾಸ ಬಂದರೆ ಕಮ್ಮಿ ಇರುವುದನ್ನು ಬರೆದುಕೊಳ್ಳಿ. ಹೆಗಲ ಮೇಲಿರುವ ಮಗುವನ್ನು ಎಣಿಸಬೇಕಾ ಅಂತ ಪ್ರತಿ ಸಲ ಜಗಳ ಆಗುತ್ತದೆ. ನಮ್ಮಲ್ಲಿ ಎಣಿಸುತ್ತೇವೆ. ಎಣಿಸುವ ಇಬ್ಬರು ತಮ್ಮನ್ನು ಸೇರಿಸಿಕೊಳ್ಳಲು ಮರೆಯುತ್ತಾರೆ, ಅವರು ಸಾಲಿನ ಕೊನೆಗೆ ಸೇರಿ ಉಳಿದ ಅರ್ಧ ನಡೆಯಲಿ, ಆಮೇಲೆ ಎರಡು ಕೂಡಿಸಿ.